ಚುಕ್ಕಿಯ ಎಡಕ್ಕಿರುವುದು ಎಲ್ಲಿ ಹೋಗುತ್ತದೆ?

ಕೇಳುಗರಿಗೆ ನಮಸ್ಕಾರ. ಪೈಥಾನ್ ಕಲಿಯುತ್ತಿರುವವರು ಕಾಗದ, ಪೆನ್ನು ಹತ್ತಿರ ಇಟ್ಟುಕೊಳ್ಳಿ. ಇವತ್ತಿನ ಮಾತು ಒಂದು ಚುಕ್ಕಿಯ ಬಗ್ಗೆ.

‘ಲೆನ್’ ಎಂದು ಬರೆದು ಬ್ರಾಕೆಟ್ಟಿನೊಳಗೆ ಪಟ್ಟಿಯ ಹೆಸರು ಹಾಕಿದರೆ ಅದು ಬರೀ ಫಂಕ್ಷನ್ ಕರೆ. ಬೇಕಾದದ್ದನ್ನೆಲ್ಲ ನಾವೇ ಬ್ರಾಕೆಟ್ಟಿಗೆ ಹಾಕುತ್ತೇವೆ. ಕ್ಲಾಸಿನೊಳಗೆ ಬರೆದ ಫಂಕ್ಷನ್ನೇ ಮೆಥಡ್; ಚುಕ್ಕಿ ಹಾಕಿ ಅದನ್ನು ಕರೆಯುವಾಗ ಹಾಗಲ್ಲ.

‘ಉಳಿತಾಯ’ ಎಂಬ ಕ್ಲಾಸ್, ಅಂದರೆ ಆಬ್ಜೆಕ್ಟುಗಳನ್ನು ಮಾಡುವ ಅಚ್ಚು, ಮಾಡಿ, ಅದರೊಳಗೆ ‘ಡೆಫ್ ಜಮೆ’, ಬ್ರಾಕೆಟ್ಟಿನಲ್ಲಿ ‘ಮೊತ್ತ’ ಎಂದಷ್ಟೇ ಬರೆಯಿರಿ. ಆ ಕ್ಲಾಸಿನಿಂದ ‘ಖಾತೆ’ ಎಂಬ ಆಬ್ಜೆಕ್ಟ್ ಮಾಡಿಕೊಂಡು, ‘ಖಾತೆ ಡಾಟ್ ಜಮೆ’, ಬ್ರಾಕೆಟ್ಟಿನಲ್ಲಿ 500 ಎಂದು ಕರೆಯಿರಿ. ಟೈಪ್‌ಎರರ್ ಬರುತ್ತದೆ: ಜಮೆ ತೆಗೆದುಕೊಳ್ಳುವುದು 1 ಆರ್ಗ್ಯುಮೆಂಟ್ (ಕರೆಯುವಾಗ ಒಳಗೆ ಕೊಡುವ ಬೆಲೆ), ಕೊಟ್ಟದ್ದು 2. ನಾವು ಕೊಟ್ಟದ್ದು 500 ಒಂದೇ ಅಲ್ಲವೇ? ಇನ್ನೊಂದು, ಚುಕ್ಕಿಯ ಎಡಕ್ಕಿದ್ದ ಖಾತೆ. ಪೈಥಾನ್ ಅದನ್ನೇ ಮೊದಲ ಆರ್ಗ್ಯುಮೆಂಟಾಗಿ ಒಳಗೆ ಕಳಿಸುತ್ತದೆ. ಅಂದರೆ ನಮ್ಮ ಕರೆ ‘ಉಳಿತಾಯ ಡಾಟ್ ಜಮೆ’, ಬ್ರಾಕೆಟ್ಟಿನಲ್ಲಿ ಖಾತೆ, ಕಾಮಾ, 500 ಎಂದು ಬರೆದಂತೆಯೇ. ಇದನ್ನು ಒಮ್ಮೆ ಹೀಗೆ ಬರೆದು ಓಡಿಸಿಯೇ ನೋಡಿ. ಎಷ್ಟು ವಿವರಿಸಿದರೂ ಅಷ್ಟು ಚೆನ್ನಾಗಿ ತಲೆಗೆ ಹೋಗುವುದಿಲ್ಲ. ಆದರೆ ಅದಕ್ಕೆ ಮೊದಲು ಮೆಥಡ್ಡಿನಲ್ಲಿ ಜಾಗ ಬೇಕು: ‘ಸೆಲ್ಫ್, ಮೊತ್ತ’ ಎಂದು ತಿದ್ದಿ. ಸೆಲ್ಫ್ ಎನ್ನುವುದು ಪೈಥಾನಿನ ಕೀವರ್ಡ್ ಅಲ್ಲ, ಎಲ್ಲರೂ ಪಾಲಿಸುವ ರೂಢಿ.

ಮೆಥಡ್ಡಿನ ಒಳಗೂ ಎಚ್ಚರ ಬೇಕು. ಖಾತೆಯಲ್ಲಿರುವ ಹಣಕ್ಕೆ ‘ಶಿಲ್ಕು’ ಎಂದು ಹೆಸರಿಟ್ಟಿದ್ದೇವೆ ಎನ್ನಿ. ‘ಶಿಲ್ಕು ಪ್ಲಸ್ ಈಕ್ವಲ್ಸ್ ಮೊತ್ತ’ ಎಂದರೆ ಪೈಥಾನ್ ಶಿಲ್ಕನ್ನು ಆ ಮೆಥಡ್ಡಿನದೇ ಲೋಕಲ್ ವೇರಿಯಬಲ್ ಎಂದುಕೊಂಡು, ಅದಕ್ಕೆ ಬೆಲೆಯೇ ಇಲ್ಲವೆಂದು ನಿಂತುಬಿಡುತ್ತದೆ. ‘ಸೆಲ್ಫ್ ಡಾಟ್ ಶಿಲ್ಕು’ ಎಂದೇ ಬರೆಯಬೇಕು.

ಇಷ್ಟೆಲ್ಲ ಏಕೆ? ‘ಸಾಲ’ ಎಂಬ ಇನ್ನೊಂದು ಕ್ಲಾಸ್ ಬಂತೆನ್ನಿ. ಅಲ್ಲಿ ಜಮೆ ಮಾಡಿದರೆ ಬಾಕಿ ಇಳಿಯಬೇಕು. ಒಂದೇ ಫಂಕ್ಷನ್ ಆಗಿದ್ದರೆ ಒಳಗೆ ಇಫ್, ಎಲ್ಸ್ ಬೇಕಾಗುತ್ತಿತ್ತು, ಹೊಸ ಖಾತೆ ಬಂದಾಗಲೆಲ್ಲ ಇನ್ನೊಂದು ಇಫ್. ಮೆಥಡ್ ಆದರೆ ಎಡಕ್ಕಿರುವ ಆಬ್ಜೆಕ್ಟ್ ಯಾವ ಕ್ಲಾಸಿನದೋ ಆ ಕ್ಲಾಸಿನ ಜಮೆಯೇ ಓಡುತ್ತದೆ. ಹಾಗೆಂದು ರೂಪಾಯಿಯನ್ನು ಪೈಸೆ ಮಾಡುವ ಲೆಕ್ಕಕ್ಕೆ ಕ್ಲಾಸ್ ಕಟ್ಟಬೇಡಿ. ಅದು ಯಾವ ಖಾತೆಯನ್ನೂ ಮುಟ್ಟುವುದಿಲ್ಲ, ಬರೀ ಫಂಕ್ಷನ್ನೇ ಸರಿ.

ಬ್ರಾಕೆಟ್ ಮರೆತು ‘ಖಾತೆ ಡಾಟ್ ಜಮೆ’ ಎಂದಷ್ಟೇ ಬರೆದರೆ ಎರರ್ ಬರುವುದಿಲ್ಲ, ಹಣವೂ ಜಮೆಯಾಗುವುದಿಲ್ಲ. ಸದ್ದಿಲ್ಲದ ತಪ್ಪು ಇನ್ನೂ ಒಂದಿದೆ: ‘ಪಟ್ಟಿ ಡಾಟ್ ಸಾರ್ಟ್’ ಇದ್ದ ಪಟ್ಟಿಯನ್ನೇ ಜೋಡಿಸಿ ‘ನನ್’ (None), ಅಂದರೆ ‘ಏನೂ ಇಲ್ಲ’ ಎಂಬ ಬೆಲೆ, ಹಿಂದಿರುಗಿಸುತ್ತದೆ. ‘ಪಟ್ಟಿ ಈಕ್ವಲ್ಸ್ ಪಟ್ಟಿ ಡಾಟ್ ಸಾರ್ಟ್’ ಎಂದು ಅದನ್ನು ಮತ್ತೆ ಪಟ್ಟಿ ಎಂಬ ಹೆಸರಿಗೇ ಕೊಟ್ಟರೆ ಆ ಹೆಸರಿನಲ್ಲಿ ಉಳಿಯುವುದು ನನ್ ಮಾತ್ರ. ಹೊಸ ಪಟ್ಟಿ ಬೇಕಿದ್ದರೆ ‘ಸಾರ್ಟೆಡ್’ ಫಂಕ್ಷನ್ ಬಳಸಿ.