ಬಿಸಿಲಿತ್ತು, ಪ್ಯಾನಲ್ ಇತ್ತು, ಲೈನ್ ಇರಲಿಲ್ಲ: ವಿಯೆಟ್ನಾಂನ ಸೋಲಾರ್ ಕಥೆ

[ಪರದೆಯಲ್ಲಿ: ಮಟಮಟ ಮಧ್ಯಾಹ್ನ. ಕಣ್ಣು ಹಾಯಿಸಿದಷ್ಟೂ ಸೋಲಾರ್ ಪ್ಯಾನಲ್. ಪಕ್ಕದಲ್ಲಿ ಚಿಕ್ಕ ಕಂಟ್ರೋಲ್ ರೂಮ್.]

ಮಧ್ಯಾಹ್ನ ಹನ್ನೆರಡೂವರೆ. ಬಿಸಿಲು ಸುಡುತ್ತಿದೆ. ಸೋಲಾರ್ ಪ್ಲಾಂಟ್‌ಗೆ ಇದಕ್ಕಿಂತ ಒಳ್ಳೆ ಹೊತ್ತು ಇನ್ನೊಂದಿಲ್ಲ. ಅಷ್ಟರಲ್ಲಿ ಗ್ರಿಡ್ ನಡೆಸುವವರಿಂದ ಆದೇಶ ಬರುತ್ತದೆ, ಉತ್ಪಾದನೆ ಇಳಿಸಿ ಅಂತ. ಆಪರೇಟರ್ ಕಂಪ್ಯೂಟರಿನಲ್ಲಿ ಒಂದು ಸಂಖ್ಯೆ ಬದಲಾಯಿಸುತ್ತಾರೆ. ಪ್ಯಾನಲ್‌ನ ಕರೆಂಟನ್ನು ಲೈನ್‌ಗೆ ಹೊಂದುವ ಹಾಗೆ ಬದಲಿಸುವ ಯಂತ್ರಗಳು, ಅಂದರೆ ಇನ್ವರ್ಟರ್‌ಗಳು, ಪ್ಯಾನಲ್‌ನಿಂದ ಕರೆಂಟ್ ಎಳೆಯುವುದನ್ನು ಕಡಿಮೆ ಮಾಡುತ್ತವೆ. ಸದ್ದಿಲ್ಲ, ಹೊಗೆಯಿಲ್ಲ, ಏನೂ ಕೆಟ್ಟಿಲ್ಲ. ಕರೆಂಟ್ ಆಗಬೇಕಿದ್ದ ಬಿಸಿಲು ಪ್ಯಾನಲ್ ಅನ್ನೇ ಇನ್ನೊಂದಿಷ್ಟು ಬಿಸಿ ಮಾಡಿ ಮುಗಿದುಹೋಗುತ್ತದೆ.

ವಿಯೆಟ್ನಾಂನಲ್ಲಿ 2019ರಿಂದ ಹೀಗೆ ಎಷ್ಟೋ ಮಧ್ಯಾಹ್ನಗಳು ಹೋದವು. ಕರೆಂಟ್ ಬೇಡವಾಗಿತ್ತಾ? ಖಂಡಿತ ಬೇಕಿತ್ತು. ಅಲ್ಲಿ ಬೇಡಿಕೆ ವರ್ಷಕ್ಕೆ ಶೇ 10ರ ಆಸುಪಾಸು ಏರುತ್ತಿತ್ತು. ಆ ಲೆಕ್ಕದಲ್ಲಿ ಏಳು ವರ್ಷ ಕಳೆದರೆ ದೇಶಕ್ಕೆ ಎರಡರಷ್ಟು ಕರೆಂಟ್ ಬೇಕು. ಹಾಗಾದರೆ ತಪ್ಪಿದ್ದೆಲ್ಲಿ?

2017ರ ಏಪ್ರಿಲ್‌ಗೆ ಹೋಗೋಣ. ಸೋಲಾರ್ ಕರೆಂಟನ್ನು ಯೂನಿಟ್‌ಗೆ 9.35 ಅಮೆರಿಕನ್ ಸೆಂಟ್‌ನಂತೆ 20 ವರ್ಷ ಕೊಳ್ಳುತ್ತೇವೆ ಅಂತ ಸರ್ಕಾರ ಹೇಳಿತು. ಮುಖ್ಯ ಷರತ್ತು: 2019ರ ಜೂನ್ 30ರೊಳಗೆ ಪ್ಲಾಂಟ್ ಚಾಲೂ ಆಗಿರಬೇಕು. ಒಳ್ಳೆ ದರ, ಗಟ್ಟಿ ಗಡುವು. ಜನ ಮುಗಿಬಿದ್ದರು. 2018ರ ಕೊನೆಗೆ ಇಡೀ ದೇಶದಲ್ಲಿ ಇದ್ದದ್ದು ನೂರು ಮೆಗಾವ್ಯಾಟ್ ಆಸುಪಾಸು. ಗಡುವಿನ ಹೊತ್ತಿಗೆ ಸುಮಾರು 4,500. 2020ರ ಕೊನೆಗೆ ಸುಮಾರು 16,500 ಮೆಗಾವ್ಯಾಟ್! ಆಗ್ನೇಯ ಏಷ್ಯಾದಲ್ಲಿ ಬೇರೆ ಯಾವ ದೇಶವೂ ಹತ್ತಿರದಲ್ಲಿರಲಿಲ್ಲ. ಇದನ್ನು ನಾನು ಸಣ್ಣದು ಮಾಡಿ ಹೇಳುತ್ತಿಲ್ಲ, ನಿಜಕ್ಕೂ ದೊಡ್ಡ ಸಾಧನೆ.

[ಪರದೆಯಲ್ಲಿ: ವಿಯೆಟ್ನಾಂ ನಕ್ಷೆ. ಕೆಳಗೆ ಹಳದಿ ಚುಕ್ಕಿಗಳು, ಮೇಲೆ ಕಾರ್ಖಾನೆಗಳು.]

ಈ ನಕ್ಷೆ ನೋಡಿ. ದೇಶವೇ ಉದ್ದಕ್ಕೆ, ಸಪೂರಕ್ಕೆ ಇದೆ. ಪ್ಲಾಂಟ್‌ಗಳು ಗುಂಪಾಗಿ ಬಂದದ್ದು ದಕ್ಷಿಣದ ಕರಾವಳಿಯ ನಿನ್ ಥುವಾನ್, ಬಿನ್ ಥುವಾನ್ ಕಡೆ, ಯಾಕೆಂದರೆ ಅಲ್ಲಿ ಮಳೆ ಕಡಿಮೆ, ಬಿಸಿಲು ಜಾಸ್ತಿ, ಒಣ ಜಾಗವೂ ಬೇಕಾದಷ್ಟು ಸಿಗುತ್ತಿತ್ತು, ಆದರೆ ಆ ಕಡೆ ಕರೆಂಟ್ ಬಳಸುವ ದೊಡ್ಡ ಊರಾಗಲಿ ಕಾರ್ಖಾನೆಯಾಗಲಿ ಹೆಚ್ಚಿಗೆ ಇರಲಿಲ್ಲ. ತಯಾರಾದ ಕರೆಂಟ್ ಹೊರಗೆ ಹೋಗಲೇಬೇಕು. ಹೋಗಲು ಲೈನ್ ಬೇಕು.

ಇಲ್ಲೇ ಇರುವುದು ನೋಡಿ ಗಂಟು. ಸೋಲಾರ್ ಪ್ಲಾಂಟನ್ನು ಒಂದು ವರ್ಷದೊಳಗೆ ಕಟ್ಟಿ ಮುಗಿಸಬಹುದು. ಹೈ ಟೆನ್ಷನ್ ಲೈನ್‌ಗೆ ಸರ್ವೆ ಆಗಬೇಕು, ಪ್ರತಿ ಟವರ್ ಬುಡಕ್ಕೂ ಜಾಗ ಬೇಕು, ಪರಿಹಾರ ಕೊಡಬೇಕು, ದಾರಿಯಲ್ಲಿ ಕಾಡಿದ್ದರೆ ಅದಕ್ಕೆ ಬೇರೆ ಅನುಮತಿ, ಇದೆಲ್ಲ ಮುಗಿಯುವಷ್ಟರಲ್ಲಿ ಮೂರು, ನಾಲ್ಕು, ಐದು ವರ್ಷ. ಪ್ಯಾನಲ್‌ಗೆ ದರ, ಗಡುವು ಎರಡೂ ಇತ್ತು. ಲೈನ್‌ಗೆ ಅಂಥ ಅವಸರ ಯಾರಿಗೂ ಇರಲಿಲ್ಲ.

ದುಡ್ಡಿನ ಕಥೆಯೂ ಇದೆ. ಅಲ್ಲಿನ ಸರ್ಕಾರಿ ವಿದ್ಯುತ್ ಕಂಪನಿ ಇವಿಎನ್. ಜನರಿಗೆ ಮಾರುವ ದರವನ್ನು ಅದು ತನಗೆ ಬೇಕಾದಷ್ಟು ಏರಿಸುವ ಹಾಗಿಲ್ಲ. 2019ರಲ್ಲಿ ಸರಾಸರಿ ಮಾರಾಟ ದರ ಯೂನಿಟ್‌ಗೆ ಸುಮಾರು 8 ಸೆಂಟ್. ಸೋಲಾರ್ ಕೊಳ್ಳುವುದು 9.35ಕ್ಕೆ! ಹೀಗಿದ್ದರೆ ಹೊಸ ಲೈನ್‌ಗೆ ಹಣ ಎಲ್ಲಿಂದ ಬರಬೇಕು ಹೇಳಿ. ಖಾಸಗಿಯವರು ಹಾಕೋಣ ಅಂದರೆ ಕಾನೂನಿನಲ್ಲಿ ಅವಕಾಶವಿರಲಿಲ್ಲ. ಅದನ್ನು ತಿದ್ದಿದ್ದು 2022ರಲ್ಲಿ, ಅಂದರೆ ದರ ಘೋಷಿಸಿ ಐದು ವರ್ಷ ಆದಮೇಲೆ.

ದರ ಇನ್ನೊಂದು ಕೆಲಸವನ್ನೂ ಮಾಡಿತು. 2020ರಲ್ಲಿ ಹೊಸ ದರ ಬಂತು, ನೆಲದ ಮೇಲಿನ ಪ್ಲಾಂಟ್‌ಗೆ 7.09 ಸೆಂಟ್, 1 ಮೆಗಾವ್ಯಾಟ್ ಒಳಗಿನ ಚಾವಣಿ ಸೋಲಾರ್‌ಗೆ 8.38. ಹೊಲದಲ್ಲಿ ಕಂಬ ನೆಟ್ಟು, ಮೇಲೆ ಪ್ಯಾನಲ್ ಹೊದಿಸಿ, ಕೆಳಗೆ ಬೇಸಾಯ ಅಂತ ಕಾಗದದಲ್ಲಿ ಬರೆದ ‘ಚಾವಣಿ’ಗಳು ಹುಟ್ಟಿಕೊಂಡವು. ಆಮೇಲೆ ತಪಾಸಣೆಗೆ ಹೋದಾಗ ಕೆಲವು ಕಡೆ ಬೆಳೆಯೇ ಇರಲಿಲ್ಲ. ಇದನ್ನು ಸುಮ್ನೆ ಜನರ ದುರಾಸೆ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ದರದಲ್ಲಿ ಅಷ್ಟು ವ್ಯತ್ಯಾಸ ಇಟ್ಟರೆ ಹೀಗಾಗುತ್ತದೆ ಅಂತ ನಿಯಮ ಬರೆಯುವವರು ಮೊದಲೇ ಯೋಚಿಸಬೇಕಿತ್ತು.

ಈಗ 2023ರ ಮೇ, ಜೂನ್. ಉತ್ತರದಲ್ಲಿ ಬಿರುಬೇಸಿಗೆ. ಜಲಾಶಯಗಳು ತಳ ಕಂಡವು, ಹಲವು ಜಲವಿದ್ಯುತ್ ಘಟಕಗಳು ನಿಂತವು. ಬಾಕ್ ನಿನ್, ಬಾಕ್ ಜಾಂಗ್‌ನ ಕೈಗಾರಿಕಾ ಪ್ರದೇಶಗಳಲ್ಲಿ ಕರೆಂಟ್ ಹೋಯಿತು, ಯಂತ್ರಗಳು ನಿಂತವು. ನಷ್ಟ ಸುಮಾರು 140 ಕೋಟಿ ಡಾಲರ್ ಅಂತ ವಿಶ್ವ ಬ್ಯಾಂಕ್ ಅಂದಾಜು ಮಾಡಿತು. ದಕ್ಷಿಣದಲ್ಲಿ ಅಷ್ಟೊಂದು ಸೋಲಾರ್ ಇಟ್ಟುಕೊಂಡೂ ಉತ್ತರಕ್ಕೆ ಬೇಕಾದಷ್ಟು ಕಳಿಸಲು ಲೈನ್‌ಗೆ ತಾಕತ್ತಿರಲಿಲ್ಲ. ಇದನ್ನು ಓದಿದಾಗ ನನಗೆ ನಿಜವಾಗಿ ಬೇಜಾರಾಯಿತು.

[ಪರದೆಯಲ್ಲಿ: ಬೆಟ್ಟದ ಮೇಲೆ ಟವರ್ ಕಟ್ಟುತ್ತಿರುವ ಕಾರ್ಮಿಕರು.]

ಆಮೇಲೆ ಏನಾಯಿತು ಗೊತ್ತಾ? ದೇಶದ ಮಧ್ಯಭಾಗದ ಕ್ವಾಂಗ್ ಟ್ರಾಕ್‌ನಿಂದ ಉತ್ತರದ ಫೋ ನೋಯ್ ತನಕ 519 ಕಿಲೋಮೀಟರ್ ಉದ್ದದ 500 ಕೆವಿ ಹೈ ಟೆನ್ಷನ್ ಲೈನ್ ಎದ್ದು ನಿಂತಿತು. ಉದ್ಘಾಟನೆ 2024ರ ಆಗಸ್ಟ್ 29. ಕೆಲಸದ ಬಹುಪಾಲು ಆ ಒಂದೇ ವರ್ಷದಲ್ಲಿ ಮುಗಿಯಿತು, ಯಾಕೆಂದರೆ ಪ್ರಧಾನಿಯಿಂದ ಹಿಡಿದು ಪ್ರಾಂತ್ಯದ ಅಧಿಕಾರಿಗಳ ತನಕ ಎಲ್ಲರೂ ಅದರ ಬೆನ್ನು ಹತ್ತಿದ್ದರು. ಆಗುತ್ತದೆ ಅಂತ ಆಯ್ತು, ಅಲ್ವಾ? ಇದೇ ಹುರುಪು 2017ರಲ್ಲಿ ಯಾಕಿರಲಿಲ್ಲ ಅನ್ನುವುದೇ ನನ್ನ ತಕರಾರು. ಅಮೆರಿಕದ ಟೆಕ್ಸಾಸ್‌ನಲ್ಲಿ ಗಾಳಿ ಎಲ್ಲಿ ಜಾಸ್ತಿ ಅಂತ ಮೊದಲು ಗುರುತಿಸಿದರು, ಅಲ್ಲಿಗೆ ಲೈನ್ ಎಳೆಯಲು ನಿರ್ಧರಿಸಿದರು, ಮುಂದೆ ಬರುವ ಗಾಳಿ ವಿದ್ಯುತ್ ಪ್ಲಾಂಟ್‌ಗಳಿಗೆ ಅಂತಲೇ. 2014ರ ಹೊತ್ತಿಗೆ ಆ ಕೆಲಸ ಮುಗಿದಿತ್ತು. ನೋಡಿ ಕಲಿಯಲು ಉದಾಹರಣೆ ಇತ್ತು.

ಲೈನ್ ಬಂದರೂ ಸಂಜೆ ಏಳರ ಸಮಸ್ಯೆ ಹಾಗೇ ಇದೆ. ಬಿಸಿಲು ಇಳಿಯುತ್ತದೆ, ಮನೆಗಳಲ್ಲಿ ದೀಪ, ಎಸಿ ಹತ್ತುತ್ತವೆ. ಅದಕ್ಕೆ ಬ್ಯಾಟರಿ ಬೇಕು. 2023ರ ರಾಷ್ಟ್ರೀಯ ವಿದ್ಯುತ್ ಯೋಜನೆಯಲ್ಲಿ ವಿಯೆಟ್ನಾಂ 2030ಕ್ಕೆ ಇಟ್ಟುಕೊಂಡಿದ್ದ ಬ್ಯಾಟರಿ ಗುರಿ ಬರೀ 300 ಮೆಗಾವ್ಯಾಟ್. 2025ರ ಏಪ್ರಿಲ್‌ನಲ್ಲಿ ಯೋಜನೆ ತಿದ್ದಿದಾಗ ಅದು 10,000 ದಾಟಿತು. ಆದರೆ ಮಧ್ಯಾಹ್ನದ ಕರೆಂಟ್‌ಗೂ ಸಂಜೆಯ ಕರೆಂಟ್‌ಗೂ ಒಂದೇ ಬೆಲೆ ಸಿಗುವುದಾದರೆ ಕೈಯಿಂದ ಹಣ ಹಾಕಿ ಬ್ಯಾಟರಿ ಇಡಲು ಯಾರೂ ಮುಂದೆ ಬರುವುದಿಲ್ಲ. ಆ ಬೆಲೆ ನಿಗದಿ ಮಾಡುವುದು ಹೇಗೆ ಅನ್ನುವುದನ್ನು ಮುಂದಿನ ವಿಡಿಯೋದಲ್ಲಿ ಲೆಕ್ಕ ಹಾಕಿ ತೋರಿಸುತ್ತೇನೆ.