ಹಳೆಯ ಮಸ್ಟ್ಯಾಂಗ್‌ನ ನಡುವಿಗೆ ಎರಡು ಉಕ್ಕಿನ ಕೊಳವೆಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಅಂಬಾಸಿಡರ್ ಕಾರನ್ನು ಬಹಳ ಕಾಲ ಇಟ್ಟುಕೊಂಡಿದ್ದ ಮನೆಯವರಿಗೆ ಒಂದು ಸಂಗತಿ ನೆನಪಿರಬಹುದು. ಪಂಕ್ಚರ್ ಆದ ಚಕ್ರವನ್ನು ಬಿಚ್ಚಲೆಂದು ಜಾಕ್ ಹಾಕಿ ಕಾರನ್ನು ಎತ್ತಿದ ಮೇಲೆ, ಒಳಗಿನ ಸಾಮಾನು ತೆಗೆಯಲು ಹೋದರೆ ಬಾಗಿಲು ತೆರೆದುಕೊಳ್ಳುತ್ತಿರಲಿಲ್ಲ. ತೆರೆದರೂ ಮತ್ತೆ ಸರಿಯಾಗಿ ಕೂರುತ್ತಿರಲಿಲ್ಲ. ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಅಂಚನ್ನು ತುಕ್ಕು ತಿಂದಿದೆ ಎಂಬುದಕ್ಕೆ ಟಿಂಕರಿಂಗ್ ಕೆಲಸದವರು ಇದನ್ನೇ ಗುರುತಾಗಿ ಹಿಡಿಯುತ್ತಿದ್ದರು. ನೋಡಲು ಗಟ್ಟಿ ಲೋಹದ ಮುದ್ದೆಯಂತಿರುವ ಕಾರಿನ ಮೈ ಬಾಗುತ್ತದೆ, ತಿರುಚಿಕೊಳ್ಳುತ್ತದೆ ಎಂಬುದು ಅಂಥ ಹೊತ್ತಿನಲ್ಲಿ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ.

ನಾನು ಮೆಕ್ಯಾನಿಕಲ್ ಎಂಜಿನಿಯರಾಗಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿದ್ದಾಗ, ಈ ಬಾಗುವಿಕೆಗೆ ಅಲ್ಲಿನವರು ಮಾಡುವ ಒಂದು ಚಿಕಿತ್ಸೆಯನ್ನು ಹತ್ತಿರದಿಂದ ನೋಡಿದೆ. ಅದರ ಹೆಸರು ಸಬ್‌ಫ್ರೇಮ್ ಕನೆಕ್ಟರ್. ಕಾರಿನ ತಳದಲ್ಲಿ ಮುಂದಿನ ಮತ್ತು ಹಿಂದಿನ ತೊಲೆಗಳನ್ನು ಉದ್ದಕ್ಕೂ ಸೇರಿಸುವ ಎರಡು ಉಕ್ಕಿನ ಕೊಳವೆಗಳು, ಇಷ್ಟೇ ಅದು. ಆದರೆ ಅದನ್ನು ಕೂರಿಸುವ ಗಳಿಗೆಯಲ್ಲಿ ಕಾರು ಯಾವ ಭಂಗಿಯಲ್ಲಿ ನಿಂತಿದೆ ಎಂಬುದರ ಮೇಲೆ ಇಡೀ ಕೆಲಸದ ಫಲ ನಿಂತಿದೆ. ಇಂದಿನ ನನ್ನ ಮಾತೆಲ್ಲ ಅಲ್ಲಿಗೇ ಹೋಗಿ ಸೇರುವಂಥದ್ದು.

ಲಾರಿಗೆ ಒಂದು ಚಾಸಿ ಇರುತ್ತದೆ. ಏಣಿಯಂತೆ ಎರಡು ಉದ್ದ ತೊಲೆ, ಅಡ್ಡಕ್ಕೆ ಮೆಟ್ಟಿಲು. ಮೈಯನ್ನು ಅದರ ಮೇಲೆ ಹೊರಿಸಲಾಗುತ್ತದೆ. 1922ರಲ್ಲಿ ಇಟಲಿಯ ಲಾನ್ಚಿಯ ಲಾಂಬ್ಡ, 1934ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಟ್ರಾಕ್ಷಿಯೋ ಅವಾಂ ಕಾರುಗಳು ತೋರಿಸಿಕೊಟ್ಟ ದಾರಿಯಲ್ಲಿ ಕಾರುಗಳಿಂದ ಆ ಏಣಿ ಕಳಚಿಹೋಯಿತು. ತಗಡಿನ ಮೈಯೇ ಭಾರ ಹೊರುವ ಮೊನೊಕಾಕ್ ಬಂದಿತು. 1964ರ ಏಪ್ರಿಲ್ 17ರಂದು ಫೋರ್ಡ್ ಕಂಪನಿ ನ್ಯೂಯಾರ್ಕ್‌ನ ವಿಶ್ವಮೇಳದಲ್ಲಿ ಜನರ ಮುಂದಿಟ್ಟ ಮಸ್ಟ್ಯಾಂಗ್ ಈ ಜಾತಿಯದು. ಅಗ್ಗದ ಫಾಲ್ಕನ್ ಕಾರಿನ ತಳವನ್ನೇ ಆಧರಿಸಿ ಅದನ್ನು ಕಟ್ಟಿದ್ದರು. 1979ರಿಂದ 1993ರವರೆಗೆ ಬಂದ ಮಸ್ಟ್ಯಾಂಗ್ ಕೂಡ ಸಾಮಾನ್ಯ ಸಂಸಾರದ ಕಾರುಗಳಾದ ಫೇರ್‌ಮಾಂಟ್ ಮತ್ತು ಜೆಫಿರ್‌ಗಳಿಗಾಗಿ ಸಿದ್ಧವಾದ ತಳದ ಮೇಲೆಯೇ ನಿಂತಿತ್ತು. ಆ ತಳಕ್ಕೆ ಫಾಕ್ಸ್ ಎಂದು ಹೆಸರು.

ಫಾಕ್ಸ್ ಮಸ್ಟ್ಯಾಂಗನ್ನು ಮೇಲೆತ್ತಿ ಕೆಳಗೆ ನಿಂತು ನೋಡಿದವರಿಗೆ ಅದರ ದೌರ್ಬಲ್ಯ ತಾನಾಗಿ ಅರ್ಥವಾಗುತ್ತದೆ. ಎಂಜಿನ್ನನ್ನು ಹೊತ್ತ ಮುಂದಿನ ತೊಲೆಗಳು ಮುಂದಿನ ಸೀಟುಗಳ ಕೆಳಗೆ ಬಂದು ಮುಗಿಯುತ್ತವೆ. ಹಿಂದಿನ ಆಕ್ಸಲನ್ನು ಹೊತ್ತ ತೊಲೆಗಳು ಸ್ವಲ್ಪ ದೂರ ಬಿಟ್ಟು ಹಿಂದಿನಿಂದ ಶುರುವಾಗುತ್ತವೆ. ನಡುವೆ ಇರುವುದು ನೆಲದ ತೆಳ್ಳನೆಯ ತಗಡು, ಅದರ ನಡುಮಧ್ಯದ ಸುರಂಗ, ಬಾಗಿಲ ಕೆಳಗಿನ ಅಂಚುಗಳು. ಇಂಥ ನಡುವಿಗೆ 1987ರಿಂದ 225 ಅಶ್ವಶಕ್ತಿಯ, ಸುಮಾರು 407 ನ್ಯೂಟನ್ ಮೀಟರ್ ತಿರುಗುಬಲದ ಐದು ಲೀಟರ್ ವಿ8 ಎಂಜಿನ್ ಬಂದಿತು. ಸಂಸಾರದ ಕಾರಿಗೆಂದು ಹಾಕಿದ ಲೆಕ್ಕ ಆ ಬಲದ ಮುಂದೆ ಸಾಲದಾಯಿತು. ಹಿಂಬಾಗಿಲು ಅಗಲವಾಗಿ ತೆರೆಯುವ ಹ್ಯಾಚ್‌ಬ್ಯಾಕ್ ಮಾದರಿಯಲ್ಲಿ ಹಿಂದಿನ ಗೋಡೆಯ ಆಸರೆಯೂ ಕಡಮೆ, ಮಾಡು, ಅಂದರೆ ಚಾವಣಿ, ಮಡಚುವ ಕನ್ವರ್ಟಿಬಲ್‌ನಲ್ಲಿ ಮೇಲಿನ ಆಸರೆಯೇ ಇಲ್ಲ.

ಮಾಡಿಗೇಕೆ ಅಷ್ಟು ಬೆಲೆ ಎಂಬುದನ್ನು ತಿಳಿಯಲು ಮನೆಯಲ್ಲಿರುವ ಚಪ್ಪಲಿ ಡಬ್ಬವೊಂದು ಸಾಕು. ಮುಚ್ಚಳ ತೆಗೆದು ಎರಡು ತುದಿಗಳನ್ನು ವಿರುದ್ಧ ದಿಕ್ಕಿಗೆ ತಿರುಚಿದರೆ ಅದು ಒದ್ದೆ ಬಟ್ಟೆಯಂತೆ ಹೊರಳುತ್ತದೆ. ಮುಚ್ಚಳ ಹಾಕಿ ಸುತ್ತ ಅಂಟಿಸಿದರೆ ಅದೇ ರಟ್ಟು ಕೈಗೆ ಬಗ್ಗುವುದಿಲ್ಲ. ಸುತ್ತಲೂ ಮುಚ್ಚಿದ ಆಕಾರಕ್ಕೂ ಎಲ್ಲೋ ಒಂದೆಡೆ ಸೀಳಿದ ಆಕಾರಕ್ಕೂ ಇರುವ ಅಂತರ ನಂಬಲಾರದಷ್ಟು ದೊಡ್ಡದು. 50 ಮಿಲಿಮೀಟರ್ ಚೌಕದ, 2 ಮಿಲಿಮೀಟರ್ ದಪ್ಪದ ಉಕ್ಕಿನ ಕೊಳವೆಯನ್ನು ಉದ್ದಕ್ಕೆ ಒಂದೇ ಒಂದು ಸೀಳು ಸೀಳಿದರೆ, ತಿರುಚುವಿಕೆಯನ್ನು ತಡೆಯುವ ಅದರ ಶಕ್ತಿ ನಾನೂರನೇ ಒಂದು ಪಾಲಿಗಿಂತಲೂ ಕೆಳಗಿಳಿಯುತ್ತದೆ. ಫೋರ್ಡ್ ಎಂಜಿನಿಯರುಗಳಿಗೆ ಇದು ತಿಳಿಯದ್ದೇನಲ್ಲ. ಮೊದಲ ಪೀಳಿಗೆಯ ಕನ್ವರ್ಟಿಬಲ್ ಮಸ್ಟ್ಯಾಂಗ್‌ಗೆ ಅವರು ಬಾಗಿಲ ಕೆಳಗಿನ ಅಂಚುಗಳಲ್ಲಿ ಹೆಚ್ಚುವರಿ ಉಕ್ಕು ತುಂಬಿದ್ದರು. ಕೆಟ್ಟ ರಸ್ತೆಗಳ ದೇಶಗಳಿಗೆ ರಫ್ತಾಗುವ ಕಾರುಗಳ ಮುಂಭಾಗಕ್ಕೆಂದು ಮಾಡಿದ ಒಂದು ಗಟ್ಟಿ ಆಸರೆಯನ್ನು ಓಟದ ಕಾರುಗಳನ್ನು ಕಟ್ಟುತ್ತಿದ್ದ ಕ್ಯಾರಲ್ ಶೆಲ್ಬಿ ತಮ್ಮ 1965ರ ಜಿಟಿ350 ಕಾರಿಗೆ ಹಾಕಿಸಿದರು. ಅದಕ್ಕೆ ಇಂದಿಗೂ ಎಕ್ಸ್‌ಪೋರ್ಟ್ ಬ್ರೇಸ್ ಎಂಬ ಹೆಸರೇ ಉಳಿದಿದೆ.

ಮೈ ಸ್ವಲ್ಪ ಬಾಗಿದರೆ ನಷ್ಟವೇನು ಎಂದು ಯಾರಾದರೂ ಕೇಳಬಹುದು. ತಿರುವಿನಲ್ಲಿ ಕಾರು ವಾಲುವಾಗ ಮುಂದಿನ ಸ್ಪ್ರಿಂಗ್‌ಗಳು, ಕಾರಿನ ಮೈ, ಹಿಂದಿನ ಸ್ಪ್ರಿಂಗ್‌ಗಳು ಒಂದರ ತುದಿಗೆ ಒಂದನ್ನು ಕಟ್ಟಿದ ಸ್ಪ್ರಿಂಗ್‌ಗಳಂತೆ ವರ್ತಿಸುತ್ತವೆ. ಮೈ ಮೆತ್ತಗಿದ್ದರೆ ಎಷ್ಟು ಬಿಗಿಯಾದ ಸ್ಪ್ರಿಂಗ್, ವಾಲುವುದನ್ನು ತಡೆಯುವ ಆಂಟಿರೋಲ್ ಬಾರ್ ಎಂಬ ಸಲಾಕೆಯನ್ನು ಎಷ್ಟು ದಪ್ಪಗೆ ಹಾಕಿದರೂ ಅದರ ಕೆಲಸದ ಒಂದು ಭಾಗವನ್ನು ಮೈ ನುಂಗಿಹಾಕುತ್ತದೆ. ಹಳೆಯ ಕಾರಿಗೆ ದುಬಾರಿ ಸಸ್ಪೆನ್ಷನ್ ಹಾಕಿಸಿ, ಏನೂ ವ್ಯತ್ಯಾಸ ಕಾಣಲಿಲ್ಲವೆಂದು ಬೇಸರಪಟ್ಟವರನ್ನು ನಾನು ಕಂಡಿದ್ದೇನೆ. ಅವರು ಖರ್ಚು ಮಾಡಿದ್ದು ತಪ್ಪಲ್ಲ, ಮೊದಲು ಮಾಡಬೇಕಾದ ಕೆಲಸವನ್ನು ಕೊನೆಗೆ ಉಳಿಸಿಕೊಂಡದ್ದು ತಪ್ಪು. ಇನ್ನೊಂದು ತೊಂದರೆ ನಡುಕದ್ದು. ಒರಟು ರಸ್ತೆಯಲ್ಲಿ ಚಕ್ರ ಮತ್ತು ಆಕ್ಸಲ್ ಸೆಕೆಂಡಿಗೆ ಸುಮಾರು 10ರಿಂದ 15 ಬಾರಿ ಕುಣಿಯುತ್ತವೆ. ಮೈಯ ಸ್ವಂತ ಕಂಪನವೂ ಅದರ ಆಸುಪಾಸಿನಲ್ಲಿದ್ದರೆ ಸ್ಟೀರಿಂಗ್ ಮತ್ತು ಕನ್ನಡಿ ಒಟ್ಟಿಗೆ ನಡುಗತೊಡಗುತ್ತವೆ.

ಕನೆಕ್ಟರ್ ಕೊಳವೆಗೆ ಲೋಹ ಬಹಳ ಬೇಕಾಗುವುದಿಲ್ಲ. 50 ಮಿಲಿಮೀಟರ್ ಚೌಕದ, 3 ಮಿಲಿಮೀಟರ್ ದಪ್ಪದ ಕೊಳವೆ ಮೀಟರಿಗೆ ಸುಮಾರು 4.4 ಕಿಲೋ ತೂಗುತ್ತದೆ. ಅದನ್ನು ಎರಡು ತೊಲೆಗಳ ತುದಿಗೆ ಮಾತ್ರ ಬೆಸೆಯುವ ಬದಲು ಉದ್ದಕ್ಕೂ ನೆಲಕ್ಕೆ, ಸೀಟು ಕೂರುವ ಜಾಗಕ್ಕೆ ಬೆಸೆದರೆ ತಗಡೂ ಕೊಳವೆಯೂ ಒಂದಾಗಿ ದುಡಿಯುತ್ತವೆ. ಬೋಲ್ಟ್ ಹಾಕಿ ಬಿಗಿಯುವ ಮಾದರಿಗಳೂ ಇವೆ. ಬೋಲ್ಟಿನ ರಂಧ್ರದಲ್ಲಿ ಕೂದಲೆಳೆಯಷ್ಟು ಸಡಿಲವಾದರೂ ಲಾಭ ಸೋರಿಹೋಗುವುದರಿಂದ ನನ್ನ ಒಲವು ಬೆಸುಗೆಯ ಕಡೆಗೇ.

ಈಗ ಭಂಗಿಯ ಮಾತಿಗೆ ಬರುತ್ತೇನೆ. ನನ್ನ ಗೆಳೆಯರೊಬ್ಬರು ತಮ್ಮ 1989ರ ಹ್ಯಾಚ್‌ಬ್ಯಾಕ್ ಮಸ್ಟ್ಯಾಂಗನ್ನು ಒಂದು ಗ್ಯಾರೇಜಿಗೆ ಕೊಟ್ಟಿದ್ದರು. ಅಲ್ಲಿ ಎರಡು ಕಂಬದ ಲಿಫ್ಟಿನ ತೋಳುಗಳನ್ನು ಕಾರಿನ ನಡುಭಾಗಕ್ಕೆ ಕೊಟ್ಟು ಎತ್ತಿ, ಚಕ್ರಗಳು ಗಾಳಿಯಲ್ಲಿ ಜೋತಾಡುತ್ತಿದ್ದಂತೆಯೇ ಕೊಳವೆಗಳನ್ನು ಬೆಸೆದರು. ಹಾಗೆ ಎತ್ತಿದಾಗ ಎಂಜಿನ್ನಿನ ಭಾರ ಮೂಗನ್ನೂ ಆಕ್ಸಲಿನ ಭಾರ ಬಾಲವನ್ನೂ ಕೆಳಕ್ಕೆ ಜಗ್ಗುತ್ತದೆ, ನಡು ಉಬ್ಬುತ್ತದೆ. ಆ ಉಬ್ಬಿನಲ್ಲೇ ಉಕ್ಕು ಕೂಡಿಕೊಂಡಿತು. ಕಾರು ಮನೆಗೆ ಬಂದ ಮೇಲೆ ಬಾಗಿಲಿನ ಹಿಂದಿನ ಸಂದಿಗೆ ನಾವು ಅಂಚೆ ಕಾರ್ಡೊಂದನ್ನು ತೂರಿಸಿ ನೋಡಿದೆವು. ಮೇಲ್ತುದಿಯಲ್ಲಿ ನಾಲ್ಕು ಕಾರ್ಡು ಒಟ್ಟಿಗೆ ಹೋಗುವಷ್ಟು ಸಡಿಲ, ಕೆಳತುದಿಯಲ್ಲಿ ಒಂದೇ ಕಾರ್ಡೂ ಸಿಕ್ಕಿಕೊಳ್ಳುವಷ್ಟು ಬಿಗಿ. ಕಾರನ್ನು ಗಟ್ಟಿ ಮಾಡುವ ಉಕ್ಕು ಡೊಂಕನ್ನೂ ಗಟ್ಟಿ ಮಾಡಿತ್ತು.

ಕತ್ತರಿಸುವುದಲ್ಲದೆ ಬೇರೆ ದಾರಿಯಿರಲಿಲ್ಲ. ಗ್ರೈಂಡರಿನಲ್ಲಿ ಬೆಸುಗೆಗಳನ್ನು ಬಿಡಿಸುತ್ತಿದ್ದಾಗ ಕೊನೆಯ ಅಂಗುಲ ಕಡಿದ ಕೂಡಲೇ ಕೊಳವೆ ಟಣ್ಣೆಂದು ಜಾಗ ಬಿಟ್ಟು ಸರಿಯಿತು. ಅದರೊಳಗೆ ಎಷ್ಟು ಬಿಗಿ ಅಡಗಿತ್ತೆಂಬುದು ಆ ಸದ್ದಿನಿಂದಲೇ ತಿಳಿಯಿತು. ಆಮೇಲೆ ಕಾರನ್ನು ನಾಲ್ಕು ಚಕ್ರಗಳ ಮೇಲೇ ನಿಲ್ಲುವಂಥ ರ‍್ಯಾಂಪಿಗೆ ಹತ್ತಿಸಿದೆವು. ಅಂಥ ರ‍್ಯಾಂಪ್ ಇಲ್ಲದವರು ಮುಂದೆ ಚಕ್ರಗಳ ಕೆಳಗೆ, ಹಿಂದೆ ಆಕ್ಸಲಿನ ಕೆಳಗೆ ಆಸರೆ ಕೊಟ್ಟು, ಭಾರವೆಲ್ಲ ಸ್ಪ್ರಿಂಗ್‌ಗಳ ಮೂಲಕವೇ ಇಳಿಯುವಂತೆ ನೋಡಿಕೊಳ್ಳಬಹುದು. ಬಾಗಿಲ ಸಂದುಗಳನ್ನು ಅಳೆದು, ಎರಡೂ ಬದಿಗೆ ಸಮವೆಂದು ಖಚಿತವಾದ ಮೇಲಷ್ಟೇ ಚುಕ್ಕೆ ಬೆಸುಗೆ ಹಾಕಿ ಕೊಳವೆಯನ್ನು ಹಿಡಿಸಿದೆವು.

ಬೆಸುಗೆಗೆ ಮುಂಚೆ ಬ್ಯಾಟರಿಯ ತಂತಿ ಬಿಚ್ಚಿ, ಸೀಟು ಮತ್ತು ಕಾರ್ಪೆಟ್ ಹೊರಗೆ ತೆಗೆದು, ಪೆಟ್ರೋಲ್ ಮತ್ತು ಬ್ರೇಕಿನ ನಳಿಗೆಗಳನ್ನು ದೂರ ಸರಿಸಲೇಬೇಕು. ನೆಲದ ತಗಡಿನ ಮೇಲ್ಭಾಗದಲ್ಲಿ ಬೆಂಕಿ ಹೊತ್ತಿಕೊಂಡರೆ ಕೆಳಗೆ ಮಲಗಿರುವವರಿಗೆ ತಿಳಿಯುವುದಿಲ್ಲ. ಆದ್ದರಿಂದ ಒಳಗೊಬ್ಬರು ನೀರು ಹಿಡಿದು ಕೂತಿರಬೇಕು. ತೆಳು ತಗಡಿಗೆ ದಪ್ಪ ಕೊಳವೆ ಬೆಸೆಯುವಾಗ ಮಿಗ್ ಎಂಬ ಬೆಸುಗೆ ಯಂತ್ರದ ಶಾಖವನ್ನು ಕೊಳವೆಯ ಕಡೆಗೆ ಹಿಡಿದು, ಒಂದು ಅಂಗುಲ ಬಲಕ್ಕೆ, ಒಂದು ಅಂಗುಲ ಎಡಕ್ಕೆ ಎಂದು ಬಿಟ್ಟುಬಿಟ್ಟು ಹಾಕದಿದ್ದರೆ ಶಾಖವೇ ಹೊಸ ಡೊಂಕನ್ನು ತರುತ್ತದೆ.

ತುಕ್ಕು ತಿಂದ ತೊಲೆಗೆ ಇದಾವುದೂ ಮದ್ದಲ್ಲ. ಮಿಷಿಗನ್‌ನಲ್ಲಿ ಚಳಿಗಾಲದ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅದು ಮಾಡುವ ಕೇಡನ್ನು ನಮ್ಮ ಕರಾವಳಿಯ ಕಾರು ಮಾಲೀಕರಿಗೆ ವಿವರಿಸಬೇಕಾಗಿಲ್ಲ. ಸುತ್ತಿಗೆಯ ತುದಿಯಿಂದ ತಟ್ಟಿದಾಗ ಮೊಂಡು ಸದ್ದು ಬಂದರೆ ಆ ಭಾಗವನ್ನು ಮೊದಲು ಬದಲಿಸಬೇಕು. ಹಿಂದಿನ ಆಕ್ಸಲಿನ ತೋಳುಗಳು ಕೂರುವ ಪೆಟ್ಟಿಗೆಗಳು ಜೋರಾದ ಓಟದ ಕಾರುಗಳಲ್ಲಿ ಬೆಸುಗೆ ಬಿಟ್ಟು ಹರಿಯುವುದುಂಟು. ಅವನ್ನು ಪ್ರತ್ಯೇಕವಾಗಿ ಬಲಪಡಿಸಬೇಕಾಗುತ್ತದೆ. ಕೊಳವೆಯೊಳಗೆ ನೀರು ನಿಲ್ಲದಂತೆ ತಗ್ಗಿನ ತುದಿಯಲ್ಲಿ ಒಂದು ರಂಧ್ರ ಕೊರೆದು, ಒಳಗೆಲ್ಲ ಮೇಣ ಸಿಂಪಡಿಸಿ, ಹೊರಗೆ ಬಣ್ಣ ಬಳಿದೆವು.

ಬಣ್ಣ ಒಣಗಿದ ಮೇಲೆ ಬಾಗಿಲ ಸಂದಿಗೆ ಮತ್ತೆ ಅದೇ ಕಾರ್ಡನ್ನು ತೂರಿಸಿದೆವು. ಮೇಲಿನಿಂದ ಕೆಳತನಕ ಒಂದೇ ಹದದಲ್ಲಿ ಜಾರಿತು. ಗೆಳೆಯರು ಮುಂದಿನ ಚಕ್ರದ ಬಳಿ ಜಾಕ್ ಹಾಕಿ, ಚಕ್ರ ನೆಲ ಬಿಡುವವರೆಗೆ ಎತ್ತಿದರು. ನಾನು ಬಾಗಿಲು ತೆರೆದು, ಎರಡು ಬೆರಳಿನಿಂದ ತಳ್ಳಿದೆ. ಅದು ಮುಚ್ಚಿಕೊಂಡಿತು.

ನಮಸ್ಕಾರ.