ಮೂಲೆ ಬಿಡದ ನಾಯಿಯನ್ನು ಮನೆಗೆ ತರುವಾಗ

ಕೇಳುಗರಿಗೆ ನಮಸ್ಕಾರ.

ಪ್ರಾಣಿ ಆಶ್ರಯಕೇಂದ್ರಕ್ಕೆ ಹೋದರೆ ನಾಲ್ಕು ನಾಯಿ ಓಡಿಬಂದು ಮೈಮೇಲೆ ಹಾರುತ್ತವೆ. ಐದನೆಯದು ಹಿಂದಿನ ಗೋಡೆಗೆ ಒತ್ತಿಕೊಂಡು ಕೂತಿರುತ್ತದೆ. ನೋಡಿದವರೆಲ್ಲ "ಪಾಪ, ಯಾರೋ ಚೆನ್ನಾಗಿ ಹೊಡೆದಿದ್ದಾರೆ" ಅನ್ನುತ್ತಾರೆ. ಏಟು ತಿಂದ ನಾಯಿಗಳೂ ಇರುತ್ತವೆ. ಆದರೆ ಬಹಳಷ್ಟು ಸಲ ಕಾರಣ ಬೇರೆ. ಮರಿ ಹುಟ್ಟಿದ 3ನೇ ವಾರದಿಂದ ಸುಮಾರು 14ನೇ ವಾರದ ತನಕ ಅದರ ತಲೆಯಲ್ಲಿ ಲೋಕದ ಪರಿಚಯ ಅಚ್ಚಾಗುವ ಕಾಲ. ಆಗ ಮನುಷ್ಯರ ಕೈ, ದನಿ, ಮನೆಯ ಸದ್ದು ಯಾವುದೂ ಹತ್ತಿರ ಸುಳಿಯದಿದ್ದರೆ ಆಮೇಲೆ ಅವೆಲ್ಲ ಹೆದರಿಕೆಯ ವಸ್ತುಗಳೇ. ಇಂಥ ನಾಯಿಯ ಮೇಲೆ ಮೊದಲ ದಿನದಿಂದಲೇ ಮುದ್ದು ಸುರಿದರೆ ಅದು ಇನ್ನಷ್ಟು ಕುಗ್ಗುತ್ತದೆ. ಅದಕ್ಕೆ ಮೊದಲು ಬೇಕಾದದ್ದು ದೂರ. ಆಮೇಲೆ, ಹತ್ತಿರ ಬರಬೇಕೋ ಬೇಡವೋ ಎಂದು ತಾನೇ ತೀರ್ಮಾನಿಸುವ ಅವಕಾಶ.

ಆರಿಸುವಾಗಲೇ ಇದು ಗೊತ್ತಿರಬೇಕು. ಸದ್ದಿಲ್ಲದೆ ಮಲಗಿದ ನಾಯಿ ಸಾಧು ಎಂದು ನಂಬಬೇಡಿ, ಭಯದಿಂದ ಮರಗಟ್ಟಿರಬಹುದು. ಎರಡು ಮೀಟರ್ ದೂರದಲ್ಲಿ ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತು, ಬೇಯಿಸಿದ ಕೋಳಿಯ ಚೂರೊಂದನ್ನು ಅದರತ್ತ ಎಸೆಯಿರಿ. ಹತ್ತು ನಿಮಿಷದಲ್ಲಿ ತಿಂದರೆ ಒಳ್ಳೆಯ ಸೂಚನೆ. ಮೂಸಿಯೂ ನೋಡದಿದ್ದರೆ ಮುಂದಿನ ಕೆಲಸ ತಿಂಗಳುಗಟ್ಟಲೆ ಹಿಡಿಯಬಹುದು. ಅಲ್ಲಿನ ಸಿಬ್ಬಂದಿಯನ್ನು ಕೇಳಿ: ಇದನ್ನು ಯಾರು ಮುಟ್ಟಬಹುದು? ಜನರೆದುರು ತಿನ್ನುತ್ತದೆಯೇ? ಬೇರೆ ನಾಯಿಗಳ ಜೊತೆ ಹೇಗಿರುತ್ತದೆ? ಮನುಷ್ಯರಿಗೆ ಹೆದರಿದರೂ ನಾಯಿಗಳ ಜೊತೆ ಬಾಲ ಆಡಿಸುವ ನಾಯಿ, ಈಗಾಗಲೇ ಧೈರ್ಯದ ನಾಯಿಯೊಂದು ಇರುವ ಮನೆಯಲ್ಲಿ ಬೇಗ ಹೊಂದಿಕೊಳ್ಳುತ್ತದೆ.

ರೇಬೀಸ್ ಲಸಿಕೆ, ಸಂತಾನಹರಣ ಶಸ್ತ್ರಚಿಕಿತ್ಸೆ, ಜಂತುಹುಳದ ಔಷಧಿ ಕೊಟ್ಟ ದಿನಾಂಕಗಳಿರುವ ಚೀಟಿ ಪಡೆಯಿರಿ. ನಮ್ಮ ಕಡೆ ರಕ್ತ ಹೀರುವ ಉಣ್ಣಿ ಕಚ್ಚಿ ಬರುವ ಜ್ವರ ಸಾಮಾನ್ಯ, ಹಾಗಾಗಿ ರಕ್ತಪರೀಕ್ಷೆ ಆಗಿದೆಯೇ ಕೇಳಿ. ಎಷ್ಟೋ ಸಲ ಸಂಕೋಚ ಎಂದುಕೊಂಡದ್ದು ಜ್ವರದ ಸುಸ್ತಾಗಿರುತ್ತದೆ. ಪಾಲಿಕೆಯ ಮೂಲಕ ಬೀದಿನಾಯಿಯನ್ನೇ ದತ್ತು ಪಡೆಯುವವರಿಗೆ ಇನ್ನೊಂದು ಮಾತು: ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬೀಳದಂತೆ ನೋಡಿಕೊಳ್ಳುವುದು ದತ್ತು ಪಡೆದವರದೇ ಹೊಣೆ ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಹೇಳಿದೆ.

ಬೀದಿಗೆ ಬೀಳುವುದಾದರೂ ಹೇಗೆ? ಹೆಚ್ಚಾಗಿ ಕೊರಳಪಟ್ಟಿಯಿಂದ. ಹೆದರಿದ ನಾಯಿ ಮುಂದಕ್ಕೆ ಎಳೆಯುವುದಿಲ್ಲ. ನಿಮ್ಮತ್ತ ಮುಖ ಮಾಡಿ, ತಲೆ ತಗ್ಗಿಸಿ ಹಿಂದಕ್ಕೆ ಜಗ್ಗುತ್ತದೆ. ಪಟ್ಟಿ ಕಿವಿ ದಾಟಿ ಕೈಗೆ ಬರುತ್ತದೆ, ನಾಯಿ ರಸ್ತೆಯಲ್ಲಿ. ಎಷ್ಟೋ ನಾಟಿ ನಾಯಿಗಳ ಕತ್ತು ದಪ್ಪ, ತಲೆ ಸಣ್ಣ. ಅವುಗಳಲ್ಲಿ ಇದು ಇನ್ನೂ ಸುಲಭ. ಆದ್ದರಿಂದ ಪಟ್ಟಿಯ ಜೊತೆ ಎದೆಗೆ ಹಾಕುವ ಹಾರ್ನೆಸ್ ಕೂಡ ಇರಲಿ, ಎರಡಕ್ಕೂ ಒಂದೊಂದು ಹಗ್ಗ. ಪಟ್ಟಿಯೊಳಗೆ ಎರಡು ಬೆರಳು ತೂರಬೇಕು, ಮೂರನೆಯದಕ್ಕೆ ಜಾಗ ಇರಬಾರದು. ತಾನಾಗಿ ಸುತ್ತಿಕೊಳ್ಳುವ ಪ್ಲಾಸ್ಟಿಕ್ ಹಿಡಿಯ ಹಗ್ಗ ಬೇಡವೇ ಬೇಡ. ಕೈತಪ್ಪಿದರೆ ಆ ಹಿಡಿ ಲಟಲಟ ಎನ್ನುತ್ತ ನಾಯಿಯ ಬೆನ್ನಟ್ಟುತ್ತದೆ. ಅದು ಓಡಿದಷ್ಟೂ ಸದ್ದೂ ಹಿಂದೆಯೇ ಓಡುತ್ತದೆ. ಪಟ್ಟಿಯ ಬಿಲ್ಲೆಯ ಮೇಲೆ ನಿಮ್ಮ ಫೋನ್ ನಂಬರ್ ಇರಲಿ.

ಮನೆಯಲ್ಲಿ ಜನ ಓಡಾಡದ ಒಂದು ಮೂಲೆ ಕೊಡಿ. ಹಾಲ್‌ನ ನಡುವೆ ಬೇಡ, ಮುಂಬಾಗಿಲ ಬಳಿ ಬೇಡ, ಬಾಲ್ಕನಿಯಂತೂ ಕೂಡದು. ಟೇಬಲ್ ಮೇಲೆ ಹಳೆಯ ಬೆಡ್‌ಶೀಟ್ ಇಳಿಬಿಟ್ಟರೆ ಗೂಡು ಸಿದ್ಧ. ಇನ್ನು ನೆಲ. ಮಣ್ಣಿನ ಮೇಲೆ, ಸಿಮೆಂಟಿನ ಮೇಲೆ ಬೆಳೆದ ನಾಯಿಗೆ ನುಣುಪು ಟೈಲ್ಸ್ ಮಂಜುಗಡ್ಡೆಯ ಹಾಗೆ. ನಾಲ್ಕು ಕಾಲೂ ಅಗಲಿಸಿ, ಉಗುರು ಊರಿ, ನಡುಗುತ್ತ ನಿಂತುಬಿಡುತ್ತದೆ. ಮೂಲೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ಗೋಣಿಚೀಲ ಹಾಸಿ, ಅಂಚಿಗೆ ಟೇಪ್ ಅಂಟಿಸಿ. "ಇದು ಮೂಲೆ ಬಿಟ್ಟು ಏಳುವುದೇ ಇಲ್ಲ" ಎನ್ನುವ ದೂರುಗಳಲ್ಲಿ ಎಷ್ಟೋ ಇಲ್ಲೇ ಬಗೆಹರಿಯುತ್ತವೆ.

ಮೊದಲ ಮೂರು ದಿನ ಸ್ನಾನ ಬೇಡ. ನೆಂಟರು ಬೇಡ. ವಿಡಿಯೋ ಕೂಡ ಬೇಡ. ಒಂದು ಹೆದರಿಕೆ ಇಳಿಯುವ ಮೊದಲೇ ಇನ್ನೊಂದು ಬಂದರೆ ಎರಡೂ ಸೇರಿ ಮೂರಾಗುತ್ತವೆ. ಮೊದಲ ದಿನ ತಿನ್ನದೆ ಇದ್ದರೆ ಗಾಬರಿ ಬೇಡ, ಆದರೆ ನೀರು ಕುಡಿಯಲೇಬೇಕು. ಎರಡು ದಿನ ಪೂರ್ತಿ ತಿನ್ನದಿದ್ದರೆ, ವಾಂತಿ ಭೇದಿ ಕಂಡರೆ, ಪಶುವೈದ್ಯರಿಗೆ ತೋರಿಸಿ. ಮರಿಯಾದರೆ ಅಷ್ಟು ಕಾಯುವ ಹಾಗಿಲ್ಲ. ಒಂದು ವಾರ ಆಶ್ರಯಕೇಂದ್ರದ ಊಟವನ್ನೇ ಮುಂದುವರಿಸಿ, ಆಮೇಲೆ ಕಾಲುಭಾಗದಂತೆ ಬದಲಿಸಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ನಮ್ಮ ಸಾರು ಕಲಸಿದ ಅನ್ನ ಹಾಕದಿರುವುದು ಅದಕ್ಕೇ.

ಎಲ್ಲರೂ ಎಡವುವ ಜಾಗ ಒಂದಿದೆ: ಅಂಗೈಯಲ್ಲಿ ಬಿಸ್ಕತ್ತು ಹಿಡಿದು "ಬಾ ಬಾ" ಅನ್ನುವುದು. ಹಸಿವು ಎಳೆಯುತ್ತದೆ, ನಾಯಿ ಕತ್ತು ಚಾಚಿ ಬರುತ್ತದೆ. ತಿಂಡಿ ಬಾಯಿಗೆ ಸೇರಿದ ಮರುಕ್ಷಣ, ತಾನು ಮನುಷ್ಯರಿಗೆ ಇಷ್ಟು ಹತ್ತಿರ ಬಂದುಬಿಟ್ಟೆ ಎಂದು ಅದಕ್ಕೆ ಅರಿವಾಗುತ್ತದೆ. ಆಗಲೇ ಬೆಚ್ಚುವುದು, ಆಗಲೇ ಕಚ್ಚುವುದೂ. ಇದರ ಬದಲು ತಿಂಡಿಯನ್ನು ನಾಯಿಯ ಹಿಂದಕ್ಕೆ ಎಸೆಯಿರಿ. ತಿರುಗಿ ಹೋಗಿ ತಿಂದು, ನಿಮ್ಮಿಂದ ದೂರವಾದ ನೆಮ್ಮದಿಯಲ್ಲಿ ತಾನಾಗಿ ಎರಡು ಹೆಜ್ಜೆ ಮುಂದೆ ಬರುತ್ತದೆ. ಮತ್ತೆ ಹಿಂದಕ್ಕೇ ಎಸೆಯಿರಿ. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಮೂರು ಸಲ ಸಾಕು.

ಅದಾಗಿಯೇ ಬಂದು ಮೈ ಸೋಕಿಸಿದ ಮೇಲೆ ಮುಟ್ಟಬಹುದು. ತಲೆಯ ಮೇಲಿಂದ ಕೈ ತರಬೇಡಿ. ಗದ್ದದ ಕೆಳಗೆ ಅಥವಾ ಎದೆಯ ಮೇಲೆ ಮೂರು ಸೆಕೆಂಡ್ ಸವರಿ ಕೈ ತೆಗೆಯಿರಿ. ಒತ್ತಿಕೊಂಡು ಬಂದರೆ ಇನ್ನೂ ಬೇಕು ಎಂದು. ತುಟಿ ನೆಕ್ಕಿದರೆ, ನಿದ್ದೆ ಬಾರದೆಯೂ ಆಕಳಿಸಿದರೆ, ಮುಖ ತಿರುಗಿಸಿ ಕಣ್ಣಿನ ಬಿಳಿಭಾಗ ತೋರಿಸಿದರೆ ಸಾಕು ಎಂದು. ಗುರ್ ಎಂದರೆ ಗದರಬೇಡಿ, ಸುಮ್ಮನೆ ಹಿಂದೆ ಸರಿಯಿರಿ. ಗುರ್ ಎನ್ನುವುದನ್ನು ಹೊಡೆದು ಬಿಡಿಸಿದರೆ ಭಯ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ಹಲ್ಲು ತಾಗಿದರೆ, ಲಸಿಕೆಯಾದ ನಾಯಿಯೇ ಆದರೂ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ.

ಕುಕ್ಕರ್ ಸೀಟಿ, ಮಿಕ್ಸಿ, ಗ್ಯಾಸ್ ಸಿಲಿಂಡರ್ ಉರುಳಿಸುವ ಸದ್ದು ನಮ್ಮ ಮನೆಗಳಲ್ಲಿ ತಪ್ಪಿದ್ದಲ್ಲ. ಅಡುಗೆಮನೆಯಿಂದ ದೂರದ ಕೋಣೆಯಲ್ಲಿ ನಾಯಿಯ ಬಳಿ ಒಬ್ಬರು ಕೂತಿರಲಿ. ಸೀಟಿ ಕೇಳಿದ ಕೂಡಲೇ ಕೋಳಿಯ ಚೂರು. ಸದ್ದು ಮೊದಲು, ತಿಂಡಿ ಆಮೇಲೆ. ಈ ಕ್ರಮ ತಿರುಗುಮುರುಗಾದರೆ ತಿಂಡಿ ಕಂಡಾಗಲೇ "ಈಗೇನೋ ಕಾದಿದೆ" ಎಂದು ನಾಯಿ ಓಟ ಕೀಳುತ್ತದೆ.

ದೀಪಾವಳಿಗೆ ಮಾತ್ರ ಈ ಪಾಠ ಸಾಲದು. ಹಬ್ಬಕ್ಕೆ ಮೂರು ನಾಲ್ಕು ವಾರ ಮುಂಚೆಯೇ ವೈದ್ಯರ ಬಳಿ ಆತಂಕ ತಗ್ಗಿಸುವ ಮಾತ್ರೆಯ ಬಗ್ಗೆ ಕೇಳಿ. ಬರೀ ಮಂಪರು ಬರಿಸುವ ಮಾತ್ರೆ ಬೇಡವೆಂದು ಹೇಳಿ, ಮೈ ಬಿದ್ದಿದ್ದರೂ ಒಳಗೆ ಭಯ ಹಾಗೇ ಇರುತ್ತದೆ. ಕೊಟ್ಟ ಮಾತ್ರೆಯನ್ನು ಸದ್ದಿಲ್ಲದ ಒಂದು ದಿನ ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟು, ಎಷ್ಟು ಹೊತ್ತಿಗೆ ಹಿಡಿಯುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಹಬ್ಬದ ದಿನಗಳಲ್ಲಿ ಸಂಜೆ ಐದಕ್ಕೆ ಮೊದಲೇ ಹೊರಗೆ ಕರೆದೊಯ್ದು ಬನ್ನಿ, ಹಾರ್ನೆಸ್ ಒಳಗೂ ಮೈಮೇಲೇ ಇರಲಿ, ಬಾಗಿಲ ಚಿಲಕ ಎರಡು ಸಲ ನೋಡಿ. ನಮಸ್ಕಾರ.